ಪಾರದರ್ಶಕವಾದ ಏರಿ

ಕೂಡ್ಲಿಗಿಯಿಂದ ಕೊಟ್ಟೂರಿನ ಮಾರ್ಗವಾಗಿ ಹರಪನಹಳ್ಳಿಗೂ, ಅಲ್ಲಿಂದ ಹೂವಿನಹಡಗಲಿಗೂ, ಹಡಗಲಿಯಿಂದ ಹಗರಿಬೊಮ್ಮನಹಳ್ಳಿಗೂ ಸುತ್ತಿ ಬರುವವರಿಗೆ ಗುಡಿಗಳಿಗಿಂತಲೂ ಕೋಟೆಗಳಿಗಿಂತಲೂ ಹೆಚ್ಚಾಗಿ ಕಾಣಸಿಗುವ ಮಾನವಕೃತಿಯೆಂದರೆ ಕೆರೆಯ ಏರಿ. ಮಳೆ ಅಲ್ಪವಾಗಿಯೂ ಅನಿಶ್ಚಿತವಾಗಿಯೂ ಬೀಳುವ ಈ ಸೀಮೆಯಲ್ಲಿ, ಬಿದ್ದ ನೀರನ್ನು ತಡೆದು ನಿಲ್ಲಿಸದೆ ಬಾಳುವೆಯೇ ಸಾಗದೆಂಬುದನ್ನು ಅರಿತ ಪೂರ್ವಿಕರು ಮಣ್ಣು ಹೊತ್ತು ಕಟ್ಟಿದ ಈ ಏರಿಗಳನ್ನು ಅಡ್ಡಲಾಗಿ ಕೊಯ್ದು ನೋಡಲು ಸಾಧ್ಯವಾಗುವುದಾದರೆ, ಅವು ನೆತ್ತಿಯಲ್ಲಿ ಬಂಡಿಯೊಂದು ಸಾಗುವಷ್ಟೇ ಅಗಲವಾಗಿಯೂ ಬುಡದಲ್ಲಿ ಅದರ ಹಲವು ಪಟ್ಟು ವಿಸ್ತಾರವಾಗಿಯೂ ಇರುವುದು ಗೋಚರಿಸುತ್ತದೆ. ಸಡಿಲವಾದ ಮಣ್ಣು ಇಳಿಜಾರಾಗಿಯಲ್ಲದೆ ನಿಲ್ಲಲಾರದೆಂಬುದು ಇದಕ್ಕೆ ಒಂದು ಕಾರಣ. ನೀರು ಆಳವಾದಷ್ಟೂ ಗೋಡೆಯನ್ನು ಹೆಚ್ಚು ಬಲವಾಗಿ ನೂಕುತ್ತದೆಂಬುದು ಇನ್ನೊಂದು ಕಾರಣ. ಈ ಎರಡನೆಯ ಕಾರಣವನ್ನು ಚೆನ್ನಾಗಿ ಮನಗಂಡವನು ತನ್ನ ಮನೆಯ ಪಡಸಾಲೆಯಲ್ಲಿ ಅಕ್ರಿಲಿಕ್ ಫಲಕಗಳಿಂದ ಮೀನಿನ ತೊಟ್ಟಿಯೊಂದನ್ನು ಕಟ್ಟುವ ಕಾರ್ಯಕ್ಕೆ ಅರ್ಧದಷ್ಟು ಸಿದ್ಧನಾದನೆಂದೇ ತಿಳಿಯಬೇಕು. ಉಳಿದ ಅರ್ಧ, ಎರಡು ಫಲಕಗಳು ಕೂಡುವ ಅಂಚಿನಲ್ಲಿದೆ.

ನೀರಿನ ಒತ್ತಡವು ಆಳವೊಂದನ್ನೇ ಅವಲಂಬಿಸುತ್ತದೆ. ನೀರು ಎಷ್ಟು ದೂರ ಹರಡಿಕೊಂಡಿದೆ ಎಂಬುದನ್ನು ಅದು ಗಣಿಸುವುದಿಲ್ಲ. ಸಮುದ್ರವನ್ನೇ ಕಟ್ಟೆಗಳಿಂದ ತಡೆದು ಬದುಕುವ ನೆದರ್‌ಲೆಂಡ್ಸ್ ನಾಡಿನಲ್ಲಿ ಸೈಮನ್ ಸ್ಟೆವಿನ್ ಎಂಬ ಗಣಿತಜ್ಞನು 1586ರಲ್ಲಿ ಈ ತತ್ತ್ವವನ್ನು ಪ್ರತಿಪಾದಿಸಿದನು. ಮೊದಲ ಬಾರಿಗೆ ಕೇಳಿದವರು ಇದನ್ನು ಸುಲಭವಾಗಿ ನಂಬುವುದಿಲ್ಲ, ನಂಬದಿರುವುದು ಸಹಜವೂ ಹೌದು. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದ ಕೆರೆಯ ಪ್ರದೇಶ ಸುಮಾರು 99 ಹೆಕ್ಟೇರು. ಅಲ್ಲಿ ನೀರಿನ ಮೇಲ್ಮೈಯಿಂದ 36 ಸೆಂಟಿಮೀಟರು ಕೆಳಗೆ ಏರಿಯ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ನೀರಿನ ಭಾರ 36 ಗ್ರಾಂ. ಮನೆಯ ಮೂಲೆಯಲ್ಲಿರುವ ಒಂದು ಮೊಳ ಅಗಲವೂ ಇಲ್ಲದ ತೊಟ್ಟಿಯಲ್ಲಿ ಅಷ್ಟೇ ಆಳದಲ್ಲಿ ಬೀಳುವ ಭಾರವೂ ಅದೇ 36 ಗ್ರಾಂ, ಹೆಚ್ಚಿಲ್ಲ ಕಡಿಮೆಯಿಲ್ಲ. ಆದುದರಿಂದ ಸಣ್ಣ ತೊಟ್ಟಿಯಲ್ಲವೆ ಎಂದು ಗೋಡೆಯ ವಿಷಯದಲ್ಲಿ ಉದಾಸೀನನಾಗುವವನು ತೊಟ್ಟಿಯ ಉದ್ದವನ್ನು ನೋಡಿ ಎತ್ತರವನ್ನು ಮರೆತವನು.

ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. 60 ಸೆಂಟಿಮೀಟರು ಉದ್ದ, 30 ಅಗಲ, 40 ಎತ್ತರದ ತೊಟ್ಟಿಯಲ್ಲಿ 36 ಸೆಂಟಿಮೀಟರಿನ ಮಟ್ಟಕ್ಕೆ ನೀರು ತುಂಬಿದರೆ ಸುಮಾರು 65 ಲೀಟರು ಹಿಡಿಯುತ್ತದೆ. ಮೇಲ್ಮೈಯಲ್ಲಿ ಒತ್ತಡ ಶೂನ್ಯ, ತಳದಲ್ಲಿ 36 ಗ್ರಾಂ. ಸರಾಸರಿ 18 ಗ್ರಾಂ. ಮುಂದಿನ ಫಲಕದ ಒದ್ದೆಯಾದ ಭಾಗ 2160 ಚದರ ಸೆಂಟಿಮೀಟರು. ಗುಣಿಸಿ ನೋಡಿದರೆ ಆ ಫಲಕವೊಂದರ ಮೇಲೆಯೇ ಸುಮಾರು 39 ಕಿಲೋಗ್ರಾಂ ಭಾರ ಹಗಲಿರುಳೂ ಎಡೆಬಿಡದೆ ಹೊರಮುಖವಾಗಿ ಒತ್ತುತ್ತಿರುತ್ತದೆ. ಈ ಭಾರದ ಮುಕ್ಕಾಲು ಪಾಲು ಬೀಳುವುದು ನೀರಿನ ಕೆಳಗಿನ ಅರ್ಧದ ಮೇಲೆ. ಆದಕಾರಣವೇ ಏರಿಯ ಬುಡ ಅಗಲವಾಗಿರುವುದು, ಆದಕಾರಣವೇ ತೊಟ್ಟಿಯಲ್ಲಿಯೂ ತಳದ ಸಂಧಿಗೆ ಎಲ್ಲಕ್ಕಿಂತ ಹೆಚ್ಚಿನ ಪರೀಕ್ಷೆ.

ಈ ಸೀಮೆಯ ಜನಕ್ಕೆ ನೀರಿನ ನೂಕುಬಲದ ಪರಿಚಯವನ್ನು ಪುಸ್ತಕದಿಂದ ಮಾಡಿಕೊಡಬೇಕಾಗಿಲ್ಲ. ತುಂಗಭದ್ರೆಯ ಹಿನ್ನೀರು ಹಗರಿಬೊಮ್ಮನಹಳ್ಳಿ ಮತ್ತು ಹಡಗಲಿ ತಾಲೂಕುಗಳ ಹಳ್ಳಿಗಳ ಅಂಚಿನವರೆಗೂ ಚಾಚಿಕೊಂಡಿದೆ. ಆ ನೀರನ್ನು ತಡೆದಿರುವ ಅಣೆಕಟ್ಟಿನ ನೆತ್ತಿಯಲ್ಲಿ 33 ಕ್ರಸ್ಟ್ ಗೇಟುಗಳಿವೆ, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಮೇಲಿನ ಲೆಕ್ಕವನ್ನೇ ಹಾಕಿದರೆ, ಗೇಟಿನ ಪೂರ್ಣ ಎತ್ತರಕ್ಕೆ ನೀರು ನಿಂತಾಗ ಒಂದು ಗೇಟಿನ ಮೇಲೆ ಬೀಳುವ ಭಾರ ಸುಮಾರು 340 ಟನ್. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಹೋಗಿ, ಎಂಜಿನಿಯರ್ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನ ನಡುವೆಯೇ ಉಕ್ಕಿನ ತಡೆಹಲಗೆಗಳಾದ ಸ್ಟಾಪ್ ಲಾಗ್‌ಗಳನ್ನು ಒಂದರ ಮೇಲೊಂದು ಇಳಿಸಿ ಒಂದು ವಾರದಲ್ಲಿ ಆ ಕಂಡಿಯನ್ನು ಮುಚ್ಚಿದ ಸಂಗತಿ ಇಲ್ಲಿಯ ರೈತರಿಗೆಲ್ಲ ನೆನಪಿದೆ. ನಮ್ಮ ಪ್ರಸ್ತುತ ವಿಷಯಕ್ಕೆ ಆ ಘಟನೆಯಲ್ಲಿ ಗಮನಿಸತಕ್ಕ ಅಂಶ ಬೇರೊಂದಿದೆ: ಅಂದು ಗೇಟಿನ ಉಕ್ಕಿನ ಹಲಗೆ ನೀರಿನ ಭಾರಕ್ಕೆ ಹರಿದುಹೋಗಲಿಲ್ಲ, ಅದನ್ನು ಹಿಡಿದಿದ್ದ ಸರಪಳಿ ತುಂಡಾಯಿತು. ವಿಸ್ತಾರವಾದ ಫಲಕ ತಾಳಿಕೊಳ್ಳುತ್ತದೆ, ಅದನ್ನು ಹಿಡಿದಿಡುವ ಸಂದು ಸೋಲುತ್ತದೆ. ತೊಟ್ಟಿ ಕಟ್ಟುವವನ ಶ್ರದ್ಧೆಯೆಲ್ಲವೂ ಸಂದಿನ ಕಡೆಗೇ ಹರಿಯಬೇಕೆಂದು ನಾನು ಹೇಳುವುದು ಈ ಕಾರಣದಿಂದ.

ಇನ್ನು ಫಲಕದ ವಿಚಾರ. ಅಕ್ರಿಲಿಕ್ ಎಂದು ಅಂಗಡಿಯಲ್ಲಿ ಕರೆಯಲ್ಪಡುವ ಈ ವಸ್ತುವಿನ ರಾಸಾಯನಿಕ ನಾಮ ಪಾಲಿಮೀಥೈಲ್ ಮೆಥಾಕ್ರಿಲೇಟ್. ಸಾವಿರಾರು ಸಣ್ಣ ಅಣುಗಳು ಸಾಲಾಗಿ ಕೈಹಿಡಿದು ನಿಂತು ಆದ ನೀಳವಾದ ಸರಪಳಿಗಳು ಒಂದರೊಳಗೊಂದು ತೊಡರಿಕೊಂಡಿರುವ ಘನಪದಾರ್ಥವಿದು. 1930ರ ದಶಕದ ಮೊದಲ ವರ್ಷಗಳಲ್ಲಿ ಜರ್ಮನಿಯಲ್ಲಿ ಆಟೋ ರೋಮ್ ಇದನ್ನು ಪ್ಲೆಕ್ಸಿಗ್ಲಾಸ್ ಎಂಬ ಹೆಸರಿನಲ್ಲಿಯೂ, ಇಂಗ್ಲೆಂಡಿನ ಐಸಿಐ ಸಂಸ್ಥೆ ಪರ್ಸ್‌ಪೆಕ್ಸ್ ಎಂಬ ಹೆಸರಿನಲ್ಲಿಯೂ ಹೊರತಂದರು. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳ ಗವಾಕ್ಷಿಗಳಾಗಿ ಇದು ಹಾರಿತು. ಗುಂಡು ತಗುಲಿ ಒಡೆದ ಗವಾಕ್ಷಿಯ ಚೂರುಗಳು ಕಣ್ಣಿನಲ್ಲಿ ನಾಟಿದ ವೈಮಾನಿಕರನ್ನು ಪರೀಕ್ಷಿಸಿದ ಹೆರಾಲ್ಡ್ ರಿಡ್ಲಿ ಎಂಬ ನೇತ್ರವೈದ್ಯರು, ಆ ಚೂರುಗಳನ್ನು ಕಣ್ಣು ತಿರಸ್ಕರಿಸದೆ ಸಹಿಸಿಕೊಂಡಿರುವುದನ್ನು ಕಂಡು, 1949ರ ನವೆಂಬರಿನಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಇದೇ ವಸ್ತುವಿನ ಮಸೂರವನ್ನು ಮನುಷ್ಯನ ಕಣ್ಣಿನೊಳಗೆ ಇರಿಸಿದರು. ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮತ್ತೆ ಲೋಕವನ್ನು ಕಂಡ ವೃದ್ಧರೆಷ್ಟೋ ಮಂದಿ ಆ ಆವಿಷ್ಕಾರಕ್ಕೆ ಋಣಿಗಳು. ಮನುಷ್ಯನ ಕಣ್ಣೇ ಸಹಿಸಿದ ಪದಾರ್ಥ ಮೀನಿಗೆ ವಿಷವಾದೀತೆಂಬ ಭಯಕ್ಕೆ ಕಾರಣವಿಲ್ಲ.

ಗಾಜಿನೊಡನೆ ಹೋಲಿಸಿದರೆ ಇದರ ಗುಣದೋಷಗಳು ಸ್ಪಷ್ಟವಾಗುತ್ತವೆ. ನೀರಿಗಿಂತ ಗಾಜು ಎರಡೂವರೆ ಪಟ್ಟು ಭಾರ; ಅಕ್ರಿಲಿಕ್ ಅದರ ಅರ್ಧಕ್ಕಿಂತ ಕಡಿಮೆ, 1.19 ಪಟ್ಟು ಮಾತ್ರ. ಹೊಸಪೇಟೆಯಿಂದಲೋ ದಾವಣಗೆರೆಯಿಂದಲೋ ಬಸ್ಸಿನ ಮೇಲೆ ಹಾಕಿಕೊಂಡು ಬರುವ ಫಲಕ ಕೂಡ್ಲಿಗಿ ತಲುಪುವುದರೊಳಗೆ ಬಿರುಕು ಬಿಡದಿರಲೆಂಬ ಆಸೆಯಿರುವವರಿಗೆ ಇದರ ತಾಳಿಕೆಯೂ ಲಘುತ್ವವೂ ದೊಡ್ಡ ಅನುಕೂಲ. ಬಿಸಿಮಾಡಿ ಬಾಗಿಸಬಹುದಾದ್ದರಿಂದ, ಬೆಂಗಳೂರಿನ ಸಂಗೊಳ್ಳಿ ರಾಯಣ್ಣ ರೈಲುನಿಲ್ದಾಣದಲ್ಲಿ 2021ರ ಜುಲೈನಲ್ಲಿ ತೆರೆಯಲ್ಪಟ್ಟ ಸುರಂಗ ಮತ್ಸ್ಯಾಲಯದಂಥ ರಚನೆಗಳಿಗೆ ಲೋಕದಲ್ಲೆಲ್ಲ ಇದನ್ನೇ ಬಳಸುತ್ತಾರೆ. ಜಪಾನಿನ ಒಕಿನಾವಾದ ಮತ್ಸ್ಯಾಲಯದಲ್ಲಿರುವ ಅಕ್ರಿಲಿಕ್ ಗವಾಕ್ಷಿಯ ಅಗಲ 22.5 ಮೀಟರು, ದಪ್ಪ 60 ಸೆಂಟಿಮೀಟರು. ದೋಷದ ಪಕ್ಷದಲ್ಲಿ, ಇದು ಗಾಜಿಗಿಂತ ಸುಮಾರು ಇಪ್ಪತ್ತು ಪಟ್ಟು ಹೆಚ್ಚು ಬಾಗುತ್ತದೆ, ಮರಳಿನ ಒಂದು ಕಣವೇ ಗೀರಲು ಸಾಕು, ಮತ್ತು ದೀರ್ಘಕಾಲ ಭಾರ ಹೊತ್ತರೆ ಮೆಲ್ಲಮೆಲ್ಲನೆ ಜಗ್ಗುತ್ತ ಹೋಗುತ್ತದೆ. ಈ ಕೊನೆಯ ಸ್ವಭಾವದಿಂದಾಗಿ, ಕ್ಷಣಕಾಲ ಇದು ತಡೆಯಬಲ್ಲ ಎಳೆತದ ಹತ್ತರಲ್ಲೊಂದು ಪಾಲಿಗೂ ಕಡಿಮೆ ಎಳೆತವನ್ನೇ ವರ್ಷಗಟ್ಟಲೆ ನಿಲ್ಲುವ ಗೋಡೆಗೆ ತಜ್ಞರು ಅನುಮತಿಸುತ್ತಾರೆ.

ಹಾಗಾದರೆ ದಪ್ಪವೆಷ್ಟಿರಬೇಕು? ಫಲಕದ ದಪ್ಪವನ್ನು ಇಮ್ಮಡಿಸಿದರೆ ಅದರ ಬಿಗುವು ಎಂಟು ಪಟ್ಟಾಗುತ್ತದೆ ಎಂಬ ನಿಯಮ ಇಲ್ಲಿ ಕಟ್ಟುವವನ ಪರವಾಗಿ ಕೆಲಸಮಾಡುತ್ತದೆ. ಎತ್ತರ ಹೆಚ್ಚಿದಂತೆ ಬಾಗುವಿಕೆ ಅದಕ್ಕಿಂತಲೂ ತೀವ್ರವಾಗಿ ಏರುತ್ತದೆ ಎಂಬ ನಿಯಮ ಅವನಿಗೆ ವಿರುದ್ಧವಾಗಿ ನಿಲ್ಲುತ್ತದೆ. ನಮ್ಮ ನಿದರ್ಶನದ ತೊಟ್ಟಿಗೆ 10 ಮಿಲಿಮೀಟರು ದಪ್ಪದ ಫಲಕವೂ, ಬಾಯಿಯ ಸುತ್ತ ಐದು ಸೆಂಟಿಮೀಟರು ಅಗಲದ ಪಟ್ಟಿಯೂ ಇದ್ದರೆ ನಿಶ್ಚಿಂತೆ. ಮೇಲಂಚಿನ ಪಟ್ಟಿಯನ್ನು ಕೆಲವರು ಅಲಂಕಾರವೆಂದು ಬಗೆದು ಕೈಬಿಡುತ್ತಾರೆ. ಕೆಳಗೆ ಫಲಕವನ್ನು ತೊಟ್ಟಿಯ ತಳ ಹಿಡಿದಿರುತ್ತದೆ, ಪಕ್ಕಗಳಲ್ಲಿ ಇತರ ಫಲಕಗಳು ಹಿಡಿದಿರುತ್ತವೆ. ಮೇಲೆ ಹಿಡಿಯುವುದಕ್ಕೆ ಆ ಪಟ್ಟಿಯಲ್ಲದೆ ಬೇರೆ ಯಾರೂ ಇಲ್ಲ. ನಾಲ್ಕು ತುಂಡುಗಳನ್ನು ಜೋಡಿಸುವುದಕ್ಕಿಂತ ಒಂದೇ ಫಲಕದ ನಡುವೆ ಕಂಡಿ ಕೊರೆದು ಮಾಡಿದ ಪಟ್ಟಿಯೇ ಶ್ರೇಷ್ಠ, ಏಕೆಂದರೆ ಅದರ ಮೂಲೆಗಳಲ್ಲಿ ಸಂದೇ ಇರುವುದಿಲ್ಲ. ಕಂಡಿಯ ಒಳಮೂಲೆಗಳನ್ನು ಮಾತ್ರ ದುಂಡಗೆ ಕೊರೆಯತಕ್ಕದ್ದು. ಚೂಪಾದ ಮೂಲೆಯಲ್ಲಿ ಎಳೆತವೆಲ್ಲ ಒಟ್ಟುಗೂಡಿ ಬಿರುಕಿಗೆ ದಾರಿಮಾಡುತ್ತದೆ.

ಅಂಗಡಿಗಳಿಗೆ ನಾಮಫಲಕ ಮಾಡಿಕೊಡುವ ಬೋರ್ಡಿನ ಅಂಗಡಿಗಳು ಈಗ ತಾಲೂಕು ಕೇಂದ್ರಗಳಲ್ಲೆಲ್ಲ ಇವೆ, ಅಕ್ರಿಲಿಕ್ ಶೀಟು ದೊರೆಯುವುದೂ ಅಲ್ಲಿಯೇ. ಕೊಳ್ಳುವಾಗ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಬೇಕು: ಇದು ಎರಕದ ಶೀಟೋ, ಯಂತ್ರದಿಂದ ಒತ್ತಿ ತೆಗೆದದ್ದೋ ಎಂದು. ಎರಡು ಗಾಜುಗಳ ನಡುವೆ ದ್ರವವನ್ನು ಎರೆದು ಹೆಪ್ಪುಗಟ್ಟಿಸಿದ ಮೊದಲನೆಯದರಲ್ಲಿ ಅಣುಸರಪಳಿಗಳು ಬಹಳ ನೀಳವಾಗಿರುತ್ತವೆ, ಒಳಗೆ ಬಿಗಿತ ಉಳಿದಿರುವುದಿಲ್ಲ. ತೊಟ್ಟಿಗೆ ಯೋಗ್ಯವಾದುದು ಅದೇ. ಎರಡನೆಯದು ಅಗ್ಗ, ಆದರೆ ದ್ರಾವಕ ತಗುಲಿದಾಗ ಸಣ್ಣ ಬಿರುಕುಗಳನ್ನು ತೋರುವ ಪ್ರವೃತ್ತಿ ಅದರಲ್ಲಿ ಹೆಚ್ಚು. ಅದೇ ಅಂಗಡಿಯಲ್ಲಿ ಲೇಸರಿನಿಂದ ಕತ್ತರಿಸಿಕೊಡುತ್ತಾರೆ; ಅಂಚು ಗಾಜಿನಂತೆ ಹೊಳೆಯುತ್ತದೆ, ನೋಡಿದವನು ಮೋಹಗೊಳ್ಳುತ್ತಾನೆ. ಅಕ್ಷರಗಳನ್ನು ಕೊರೆಯುವುದಕ್ಕೆ ಅದು ಉತ್ತಮವೇ ಸರಿ, ಬೆಸೆಯಬೇಕಾದ ಅಂಚಿಗೆ ಅಲ್ಲ. ಲೇಸರು ಅಂಚನ್ನು ಕರಗಿಸಿ ಒಮ್ಮೆಲೆ ಆರಿಸುವುದರಿಂದ ಅಲ್ಲಿ ಬಿಗಿತ ಸಿಲುಕಿಕೊಳ್ಳುತ್ತದೆ. ಆಮೇಲೆ ದ್ರಾವಕ ಹಾಕಿದೊಡನೆ ಆ ಬಿಗಿತ ಕೂದಲೆಳೆಯಂಥ ಬಿರುಕುಗಳಾಗಿ ಹೊರಬೀಳುತ್ತದೆ. ಗರಗಸದಿಂದಲೋ ರೂಟರ್ ಯಂತ್ರದಿಂದಲೋ ಕತ್ತರಿಸಿ, ಚೂಪಾದ ಉಕ್ಕಿನ ಪಟ್ಟಿಯಿಂದ ಅಂಚನ್ನು ಹೆರೆದು, ಮೂಲೆಮಟ್ಟ ಇಟ್ಟು ನೋಡಿದಾಗ ಎಲ್ಲಿಯೂ ಬೆಳಕು ನುಸುಳದಂತೆ ಮಾಡಿಕೊಂಡ ಮಾಸಲು ಅಂಚೇ ಬೆಸುಗೆಗೆ ಅರ್ಹ.

ಬೆಸುಗೆ ಎಂದೆ, ಅಂಟು ಎನ್ನಲಿಲ್ಲ. ಗಾಜಿನ ತೊಟ್ಟಿಯಲ್ಲಿ ಎರಡು ಗಾಜುಗಳ ನಡುವೆ ಸಿಲಿಕೋನ್ ಎಂಬ ಮೂರನೆಯ ವಸ್ತು ನಿಂತು ಎರಡನ್ನೂ ಹಿಡಿದುಕೊಂಡಿರುತ್ತದೆ. ಅಕ್ರಿಲಿಕ್ಕಿನ ಸಂದಿನಲ್ಲಿ ಕೊನೆಗೆ ಮೂರನೆಯ ವಸ್ತುವೇ ಉಳಿಯುವುದಿಲ್ಲ. ಡೈಕ್ಲೋರೋಮೀಥೇನ್ ಅಥವಾ ಬೋರ್ಡಿನ ಅಂಗಡಿಯವರು ನಿತ್ಯ ಬಳಸುವ ಕ್ಲೋರೋಫಾರ್ಮ್ ಎರಡೂ ಅಂಚುಗಳ ಮೇಲ್ಪದರವನ್ನು ಕರಗಿಸಿ ಮೆದುಮಾಡುತ್ತದೆ. ಮೆದುವಾದ ಪದರಗಳಲ್ಲಿ ಬಿಡುಗಡೆ ಹೊಂದಿದ ಅಣುಸರಪಳಿಗಳು, ಎರಡು ಹೆರಳುಗಳನ್ನು ಬಿಚ್ಚಿ ಕೂದಲನ್ನೆಲ್ಲ ಸೇರಿಸಿ ಒಂದೇ ಜಡೆ ಹೆಣೆದಂತೆ, ಈ ಕಡೆಯಿಂದ ಆ ಕಡೆಗೂ ಆ ಕಡೆಯಿಂದ ಈ ಕಡೆಗೂ ನುಸುಳಿ ಹೆಣೆದುಕೊಳ್ಳುತ್ತವೆ. ದ್ರಾವಕ ಆವಿಯಾಗಿ ಹೋದ ಬಳಿಕ ಎರಡು ಫಲಕಗಳಿದ್ದೆಡೆ ಒಂದೇ ಫಲಕವಿರುತ್ತದೆ. ಚೆನ್ನಾಗಿ ಕೂಡಿದ ಸಂದಿನ ಬಲ ಫಲಕದ ಬಲಕ್ಕೆ ಬಹುಮಟ್ಟಿಗೆ ಸಮೀಪಿಸುತ್ತದೆ. ಸಿಲಿಕೋನನ್ನು ಅಕ್ರಿಲಿಕ್ಕಿಗೆ ಬಳಿದರೆ ಅದು ದೃಢವಾಗಿ ಹಿಡಿಯದೆ ಕ್ರಮೇಣ ಸಿಪ್ಪೆಯಂತೆ ಬಿಟ್ಟುಕೊಳ್ಳುತ್ತದೆ. ಗಾಜಿನ ತೊಟ್ಟಿಯ ವಿಧಾನವನ್ನು ಇಲ್ಲಿಗೆ ತರಬಾರದು.

ಈ ಕ್ರಿಯೆಯನ್ನು ಹತ್ತಿರದಿಂದ ನೋಡುವ ಸಂತೋಷ ಒಂದು ವಿಶೇಷವಾದ ಸಂತೋಷ. ಫಲಕದ ಮೇಲಿನ ರಕ್ಷಣೆಯ ಕಾಗದವನ್ನು ಅಂಚಿನಿಂದ ಎರಡು ಬೆರಳಗಲ ಮಾತ್ರ ಹಿಂದಕ್ಕೆ ಸುಲಿದು, ಒಂದು ಫಲಕವನ್ನು ಮಟ್ಟವಾದ ಮೇಜಿನ ಮೇಲೆ ಮಲಗಿಸಿ, ಅದರ ಮೇಲೆ ಇನ್ನೊಂದನ್ನು ನೇರವಾಗಿ ನಿಲ್ಲಿಸಿ, ಇವೆರಡರ ನಡುವೆ ಕಾಲು ಮಿಲಿಮೀಟರು ದಪ್ಪದ ತಂತಿಯ ತುಂಡುಗಳನ್ನು ಅಲ್ಲಲ್ಲಿ ಇಟ್ಟು, ಸೂಜಿಯಿರುವ ಸಿರಿಂಜಿನಿಂದ ಸಂದಿನ ಒಂದು ತುದಿಗೆ ದ್ರಾವಕವನ್ನು ಮುಟ್ಟಿಸಬೇಕು. ಮುಟ್ಟಿಸಿದ್ದೇ ತಡ, ಅದು ತಾನಾಗಿ ಓಡತೊಡಗುತ್ತದೆ: ಮಾಸಲಾಗಿ ಬೆಳ್ಳಗೆ ಕಾಣುತ್ತಿದ್ದ ಗೆರೆ ದ್ರಾವಕ ತಲುಪಿದೆಡೆಯೆಲ್ಲ ಫಕ್ಕನೆ ತಿಳಿಯಾಗುತ್ತದೆ, ಆ ತಿಳಿಯ ಅಂಚು ಸಂದಿನ ಉದ್ದಕ್ಕೂ ಸರಿಯುತ್ತ ಹೋಗುವುದನ್ನು ಕಣ್ಣಿನಿಂದ ಹಿಂಬಾಲಿಸಬಹುದು. ದೀಪದ ಬತ್ತಿಯಲ್ಲಿ ಎಣ್ಣೆಯನ್ನು ಮೇಲೇರಿಸುವ ಕೇಶಾಕರ್ಷಣೆಯೇ ಇಲ್ಲಿಯೂ ದ್ರವವನ್ನು ಎಳೆಯುವುದು. ಅರ್ಧ ನಿಮಿಷದಲ್ಲಿ ಅಂಚುಗಳು ಮೆದುವಾದ ಮೇಲೆ ತಂತಿಗಳನ್ನು ಒಂದೊಂದಾಗಿ ಎಳೆದುಬಿಟ್ಟರೆ ಮೇಲಿನ ಫಲಕ ತನ್ನ ಭಾರದಿಂದಲೇ ಇಳಿದು ಕೂರುತ್ತದೆ. ಸಂದಿನಿಂದ ಸಣ್ಣ ದಾರದಷ್ಟು ದ್ರವ ಎರಡೂ ಕಡೆ ಹೊರಸೂಸುತ್ತದೆ. ಬಲವಾಗಿ ಅದುಮಬಾರದು, ಅದುಮಿದರೆ ಕರಗಿದ ಪದರವೆಲ್ಲ ಹೊರಕ್ಕೆ ಹೋಗಿ ಒಣ ಅಂಚುಗಳು ಒಂದನ್ನೊಂದು ತಾಗುತ್ತವೆ. ಗಾಳಿಯ ಗುಳ್ಳೆಯೊಂದೆರಡು ಉಳಿದರೆ ಹೆದರಬೇಕಾದದ್ದಿಲ್ಲ, ಆದರೆ ಗುಳ್ಳೆಗಳು ಸಾಲುಗೂಡಿ ಒಳಗಿನಿಂದ ಹೊರಗಿನವರೆಗೆ ದಾರಿಯಾಗಿದ್ದರೆ ಆ ಸಂದನ್ನು ಒಪ್ಪತಕ್ಕದ್ದಲ್ಲ.

ಇಲ್ಲಿಯ ಹವೆಗೆ ವಿಶಿಷ್ಟವಾದ ಒಂದು ತೊಡಕು ಈ ಹಂತದಲ್ಲಿ ಎದುರಾಗುತ್ತದೆ. ಡೈಕ್ಲೋರೋಮೀಥೇನ್ ಕುದಿಯುವುದು 40 ಡಿಗ್ರಿ ಸೆಲ್ಸಿಯಸ್‌ಗೂ ಸ್ವಲ್ಪ ಕೆಳಗೆ. ವೈಶಾಖದ ಮಧ್ಯಾಹ್ನ ಕೂಡ್ಲಿಗಿಯಲ್ಲೋ ಕೊಟ್ಟೂರಿನಲ್ಲೋ ತಗಡಿನ ಮಾಡಿನ ಕೆಳಗೆ ಈ ಕೆಲಸಕ್ಕೆ ಕುಳಿತವನ ಸಿರಿಂಜಿನಲ್ಲಿಯೇ ಅದು ಕುದಿಯತೊಡಗಬಹುದು. ಸಂದಿನ ಅರ್ಧದಾರಿ ತಲುಪುವ ಮೊದಲೇ ಆವಿಯಾಗಿ, ಗುಳ್ಳೆಗಳನ್ನು ಬಿಟ್ಟುಹೋಗುತ್ತದೆ. ಮಳೆಗಾಲದಲ್ಲಿ ಬೇರೆಯ ಕೇಡು: ದ್ರಾವಕ ಆವಿಯಾಗುವಾಗ ಸಂದು ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಹನಿಗೂಡಿ, ಬೆಸುಗೆ ಹಾಲಿನಂತೆ ಬಿಳಿಚಿಕೊಳ್ಳುತ್ತದೆ. ಆದುದರಿಂದ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆ ಸೇರುವ, ಕೊಟ್ಟೂರಿನ ಗುರುಬಸವೇಶ್ವರನ ತೇರು ಎಳೆಯುವ ಮಾಘಮಾಸದ ಒಣಹವೆಯ ಮುಂಜಾವು ಈ ಕಾರ್ಯಕ್ಕೆ ಅತ್ಯಂತ ಅನುಕೂಲವಾದ ಕಾಲವೆಂದು ನನ್ನ ಅಭಿಪ್ರಾಯ. ಬೇಸಿಗೆಯಲ್ಲಿಯೇ ಮಾಡಬೇಕಾಗಿ ಬಂದರೆ 61 ಡಿಗ್ರಿಯಲ್ಲಿ ಕುದಿಯುವ ಕ್ಲೋರೋಫಾರ್ಮ್ ಹೆಚ್ಚು ಸಾವಧಾನದ ದ್ರವ. ಎರಡರ ಆವಿಯೂ ಶರೀರಕ್ಕೆ ಹಾನಿಕರ, ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ತಂಗುತ್ತದೆ. ತೆರೆದ ಜಗಲಿಯ ಮೇಲೆ ಎತ್ತರದ ಮೇಜಿನಲ್ಲಿ ಕೆಲಸ ಮಾಡಬೇಕು, ನೆಲದಲ್ಲಿ ಆಡುವ ಮಕ್ಕಳನ್ನು ದೂರವಿಡಬೇಕು, ಒಲೆಯೂ ಬೀಡಿಯೂ ಹತ್ತಿರ ಸುಳಿಯಬಾರದು, ಏಕೆಂದರೆ ಬೆಂಕಿ ತಗುಲಿದ ಈ ಆವಿ ಇನ್ನೂ ಘೋರವಾದ ವಿಷಾನಿಲಗಳಾಗಿ ಮಾರ್ಪಡುತ್ತದೆ. ತೆಳುವಾದ ರಬ್ಬರಿನ ಕೈಗವಸನ್ನು ದ್ರಾವಕ ಬೇಗನೆ ತೂರಿಬರುವುದರಿಂದ ಕೈಗೆ ಸೋಕದಂತೆ ಸಿರಿಂಜನ್ನು ಹಿಡಿಯುವುದೇ ನಿಜವಾದ ರಕ್ಷಣೆ. ಶಾಲೆಯ ಮಕ್ಕಳು ವಿಜ್ಞಾನ ಪ್ರದರ್ಶನಕ್ಕಾಗಿ ತೊಟ್ಟಿ ಕಟ್ಟುವುದಾದರೆ ಈ ಒಂದು ಕೆಲಸವನ್ನು ಮಾತ್ರ ಉಪಾಧ್ಯಾಯರೇ ಮಾಡಲಿ.

ಬೆಸೆದ ತೊಟ್ಟಿಯನ್ನು ಒಂದು ವಾರ ಅಲುಗಾಡಿಸದೆ ಬಿಟ್ಟು, ಅನಂತರ ಅಂಗಳದಲ್ಲಿ ನೀರು ತುಂಬಿ ಪರೀಕ್ಷಿಸಬೇಕು. ಸಂದಿನೊಳಗಿನ ದ್ರಾವಕ ಪೂರ್ತಿ ಹೊರಟುಹೋಗಲು ಇನ್ನೂ ಕೆಲವು ವಾರಗಳು ಹಿಡಿಯುತ್ತವೆ. ಅಕ್ರಿಲಿಕ್ಕಿನ ತೊಟ್ಟಿಗೆ ನಾಲ್ಕು ಕಾಲುಗಳ ಮೇಲೆ ನಿಂತ ಚೌಕಟ್ಟು ಸಾಲದು. ತಳದ ಪೂರ್ಣ ವಿಸ್ತೀರ್ಣಕ್ಕೂ ಆಧಾರವಿರಬೇಕು. ನೀರು, ಮರಳು, ಫಲಕ ಎಲ್ಲ ಸೇರಿ 85 ಕಿಲೋ ಮೀರುವ ಈ ಭಾರವನ್ನು ಹೊರುವ ಕಡಪಾ ಕಲ್ಲಿನ ಹಲಗೆಯನ್ನು ರಸಮಟ್ಟ ಇಟ್ಟು ಸರಿಮಾಡಿ, ಅದರ ಮೇಲೆ ಥರ್ಮೋಕೋಲಿನ ಹಾಳೆ ಹಾಸಿದರೆ ಕಲ್ಲಿನ ಸಣ್ಣ ಉಬ್ಬುತಗ್ಗುಗಳು ತಳವನ್ನು ಚುಚ್ಚುವುದಿಲ್ಲ. ಮುಚ್ಚಳವನ್ನು ಮಾತ್ರ ತೆಳುವಾದ ಅಕ್ರಿಲಿಕ್ಕಿನಿಂದ ಮಾಡಬಾರದು. ಈ ವಸ್ತು ನೀರನ್ನು ಅಲ್ಪಪ್ರಮಾಣದಲ್ಲಿ ಹೀರುತ್ತದೆ. ಸದಾ ತೇವವಾಗಿರುವ ಕೆಳಮುಖ ಹಿಗ್ಗಿ, ಒಣಗಿರುವ ಮೇಲ್ಮುಖ ಹಿಗ್ಗದೆ, ಕೆಲವೇ ದಿನಗಳಲ್ಲಿ ಮುಚ್ಚಳದ ಅಂಚುಗಳು ಮೇಲಕ್ಕೆದ್ದುಕೊಳ್ಳುತ್ತವೆ.

ತೊಟ್ಟಿ ಸಿದ್ಧವಾಯಿತು, ತುಂಬುವ ನೀರು ಯಾವುದು? ಕೂಡ್ಲಿಗಿ, ಹರಪನಹಳ್ಳಿಗಳ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳಲ್ಲಿ ಬಹುಕಾಲ ತಂಗಿ ಬೋರಿನಿಂದ ಮೇಲೆ ಬರುವ ನೀರು ಗಡಸಾದದ್ದು, ಅನೇಕ ಊರುಗಳಲ್ಲಿ ಫ್ಲೋರೈಡ್ ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದ್ದು. ಅದಕ್ಕಾಗಿಯೇ ಹಳ್ಳಿಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಎದ್ದುನಿಂತಿವೆ. ಘಟಕದ ನೀರಿನಲ್ಲಿ ಲವಣಗಳು ತೀರ ಕಡಿಮೆ, ಬೋರಿನ ನೀರಿನಲ್ಲಿ ತೀರ ಹೆಚ್ಚು. ಎರಡನ್ನೂ ಬೆರೆಸಿ ತುಂಬುವುದು ಮೀನಿಗೆ ಹಿತ. ಆದರೆ ಆವಿಯಾಗಿ ತಗ್ಗಿದ ಮಟ್ಟವನ್ನು ಮತ್ತೆ ಏರಿಸುವಾಗ ಬೋರಿನ ನೀರನ್ನು ಬಳಸಬಾರದು. ನಮ್ಮ ತೊಟ್ಟಿಯಲ್ಲಿ ದಿನಕ್ಕೆ 5 ಮಿಲಿಮೀಟರು ಇಳಿದರೂ 900 ಮಿಲಿಲೀಟರು ನೀರು ಹೋಯಿತು, ಅದರಲ್ಲಿದ್ದ ಲವಣವೆಲ್ಲ ಹಿಂದುಳಿಯಿತು. ಪ್ರತಿದಿನವೂ ಗಡಸು ನೀರನ್ನೇ ಸುರಿಯುತ್ತ ಹೋದರೆ, ಕೋಡಿ ಹರಿಯದ ಕೆರೆಯ ಬೇಸಿಗೆಯ ನೀರಿಗೆ ಆಗುವ ಗತಿಯೇ ಇದಕ್ಕೂ ಆಗುತ್ತದೆ. ಮೇಲುಭರ್ತಿಗೆ ಮಾಳಿಗೆಯಿಂದ ಹಿಡಿದ ಮಳೆನೀರೋ ಘಟಕದ ನೀರೋ ಯೋಗ್ಯ.

ನೀರು ತುಂಬಿದ ದಿನವೇ ಮೀನು ಬಿಡುವ ಆತುರ ಬಹಳ ಜನರಲ್ಲಿ ಕಾಣುತ್ತದೆ, ಮೀನುಗಳು ಸಾಯುವುದೂ ಬಹುಮಟ್ಟಿಗೆ ಆ ಆತುರದಿಂದಲೇ. 1850ರಲ್ಲಿ ಲಂಡನ್ನಿನ ರಸಾಯನಜ್ಞ ರಾಬರ್ಟ್ ವಾರಿಂಗ್ಟನ್ ಮೀನು, ಗಿಡ, ಬಸವನಹುಳುಗಳನ್ನು ಒಂದೇ ಪಾತ್ರೆಯಲ್ಲಿಟ್ಟು ಅವು ಪರಸ್ಪರ ಪೋಷಿಸುವ ಬಗೆಯನ್ನು ವರದಿಮಾಡಿದರು. ಅವರ ಮಗ, ತಂದೆಯ ಹೆಸರನ್ನೇ ಹೊತ್ತ ಇನ್ನೊಬ್ಬ ರಾಬರ್ಟ್ ವಾರಿಂಗ್ಟನ್, ರೋಥಮ್‌ಸ್ಟೆಡ್ಡಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಣ್ಣಿನೊಳಗೆ ಅಮೋನಿಯ ನೈಟ್ರೇಟಾಗುವ ಕ್ರಿಯೆಯ ಬಗ್ಗೆ ಸಂಶೋಧನೆ ನಡೆಸಿದರು. ತಂದೆಯ ಪಾತ್ರೆಯಲ್ಲಿ ಕಣ್ಣಿಗೆ ಕಾಣದೆ ನಡೆಯುತ್ತಿದ್ದ ಕಾರ್ಯವನ್ನೇ ಮಗನು ಹೊಲದಲ್ಲಿ ಹುಡುಕಿದಂತಾಯಿತು. ಮೀನು ತನ್ನ ಕಿವಿರುಗಳಿಂದ ಅಮೋನಿಯವನ್ನು ವಿಸರ್ಜಿಸುತ್ತದೆ; ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟಾಗಿಯೂ, ಮತ್ತೊಂದು ಬಗೆ ನೈಟ್ರೈಟನ್ನು ಬಹುಮಟ್ಟಿಗೆ ನಿರುಪದ್ರವಿಯಾದ ನೈಟ್ರೇಟಾಗಿಯೂ ಪರಿವರ್ತಿಸುತ್ತವೆ. ಈ ಸೂಕ್ಷ್ಮಜೀವಿಗಳು ಮರಳಿನಲ್ಲೂ ಸೋಸುವ ಸ್ಪಂಜಿನಲ್ಲೂ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನಮ್ಮ ಸೀಮೆಯಲ್ಲಿ ಈ ಸಹನೆ ಇನ್ನೂ ಹೆಚ್ಚು ಅವಶ್ಯಕ, ಏಕೆಂದರೆ ಒಟ್ಟು ಅಮೋನಿಯದಲ್ಲಿ ವಿಷಕಾರಿಯಾದ ಅಂಶ ನೀರು ಕ್ಷಾರೀಯವಾದಷ್ಟೂ ಏರುತ್ತದೆ: 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದಾಗ ಅದು ನೂರಕ್ಕೆ ಒಂದಕ್ಕೂ ಕಡಿಮೆ; ಪಿಎಚ್ 8 ಆದಾಗ ನೂರಕ್ಕೆ ಐದನ್ನು ದಾಟುತ್ತದೆ.

ಸೆಕೆಯ ವಿಷಯದಲ್ಲಿ ಅಕ್ರಿಲಿಕ್ ಮೀನುಗಳಿಗೆ ಮಿತ್ರ. ಶಾಖವನ್ನು ಗಾಜಿನ ಐದರಲ್ಲೊಂದು ಪಾಲಿನಷ್ಟೇ ಸಾಗಿಸುವ ಈ ಗೋಡೆಯೊಳಗೆ ಹಗಲಿನ ಬಿಸಿ ನಿಧಾನವಾಗಿ ಇಳಿಯುತ್ತದೆ. ಆದರೂ ಕೊನೆಗೆ ಇಳಿದೇ ಇಳಿಯುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಂಡಿರಬಲ್ಲದು, 35 ಡಿಗ್ರಿಯದು ಸುಮಾರು 7ನ್ನು ಮಾತ್ರ; ಮೀನಿನ ಉಸಿರಿನ ಅಗತ್ಯವಾದರೋ ಬಿಸಿಯೊಡನೆ ಏರುತ್ತದೆ. ಕರೆಂಟು ಹೋದಾಗ ಗಾಳಿ ಪಂಪು ನಿಲ್ಲುವ ಊರಿನಲ್ಲಿ ಮೀನುಗಳ ಸಂಖ್ಯೆಯನ್ನು ಪಂಪಿನ ಬಲದ ಮೇಲೆ ಲೆಕ್ಕಹಾಕದೆ ಪಂಪಿಲ್ಲದ ರಾತ್ರಿಯ ಮೇಲೆ ಲೆಕ್ಕಹಾಕುವುದು ವಿವೇಕ. ಪಂಪು ಓಡುತ್ತಿರುವಾಗಲೂ ಅದು ಕೋಣೆಯ ಗಾಳಿಯನ್ನೇ ನೀರಿಗೆ ಊದುತ್ತದೆಂಬುದನ್ನು ಮರೆಯಬಾರದು: ಸೊಳ್ಳೆಯ ಬತ್ತಿಯಲ್ಲಿಯೂ ದ್ರವದ ಯಂತ್ರದಲ್ಲಿಯೂ ಇರುವ ಪೈರೆತ್ರಾಯ್ಡ್ ಜಾತಿಯ ಔಷಧಗಳು ಮನುಷ್ಯನಿಗೆ ಸೌಮ್ಯ, ಮೀನಿಗೆ ಕಾಲಕೂಟ. ಹಡಗಲಿಯಲ್ಲಿ ಮಲ್ಲಿಗೆಯ ತೋಟಕ್ಕೆ ಔಷಧ ಹೊಡೆದು ಬಂದ ಕೈಯನ್ನು ಸಾಬೂನಿನಿಂದ ತೊಳೆದಿದ್ದರೂ ಆ ದಿನ ತೊಟ್ಟಿಗೆ ಇಳಿಸದಿರುವುದು ಲೇಸು.

ಮೊದಲ ತೊಟ್ಟಿಗೆ ಗಪ್ಪಿ ಉಚಿತವಾದ ಮೀನು. ಗಡಸು ನೀರನ್ನೂ ಬಿಸಿಯನ್ನೂ ಅದು ಸಹಿಸುತ್ತದೆ, ಸೊಳ್ಳೆಯ ಮರಿಗಳನ್ನು ತಿನ್ನುವುದರಿಂದ ಆರೋಗ್ಯ ಇಲಾಖೆಯವರು ಇದನ್ನೂ ಗ್ಯಾಂಬೂಸಿಯವನ್ನೂ ಸಾಕುವುದುಂಟು. ಐದಾರು ಮೀನುಗಳಿಂದ ಆರಂಭಿಸಿ, ನೈಟ್ರೈಟ್ ಶೂನ್ಯಕ್ಕೆ ಇಳಿದುದನ್ನು ಪರೀಕ್ಷಿಸಿ ತಿಳಿದ ಬಳಿಕವೇ ಉಳಿದವನ್ನು ಸೇರಿಸಬೇಕು. ಅಂಗಡಿಯಲ್ಲಿ ತೊಟ್ಟಿ ಶುಚಿಮಾಡುವ ಮೀನೆಂದು ಕೊಡುವ ಚೂಷಕಬಾಯಿಯ ಮೀನು ಒಂದು ಅಡಿಗೂ ಮೀರಿ ಬೆಳೆಯುತ್ತದೆ, ಬೆಳೆದ ಮೇಲೆ ಜನರು ಅದನ್ನು ಕೆರೆಗೆ ಬಿಡುತ್ತಾರೆ. ಭಾರತದ ಅನೇಕ ಜಲಾಶಯಗಳಲ್ಲಿ ಈ ದಕ್ಷಿಣ ಅಮೆರಿಕದ ಮೀನು ಬೇರೂರಿ ಸ್ಥಳೀಯ ಮೀನುಗಳನ್ನು ಹಿಂದಕ್ಕೆ ತಳ್ಳಿರುವುದು ಹೀಗೆಯೇ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಅಂಕಸಮುದ್ರದ ಕೆರೆಗೆ ಬರುವ ಬಣ್ಣದ ಕೊಕ್ಕರೆಗಳ ಸಂಸಾರ ನಿಂತಿರುವುದು ಆ ನೀರಿನ ಮೀನುಗಳ ಮೇಲೆ. ಬೇಡವಾದ ಮೀನನ್ನು ಕೊಂಡ ಅಂಗಡಿಗೇ ಹಿಂದಿರುಗಿಸಬೇಕು, ಇಲ್ಲವೆ ಸಾಕುವ ಇನ್ನೊಬ್ಬರಿಗೆ ಕೊಡಬೇಕು. ಕೆರೆಯಲ್ಲೂ ಹಳ್ಳದಲ್ಲೂ ತುಂಗಭದ್ರೆಯ ಕಾಲುವೆಯಲ್ಲೂ ಅದಕ್ಕೆ ಸ್ಥಳವಿಲ್ಲ.

ದೊಡ್ಡ ತೊಟ್ಟಿಗಳೂ ಒಡೆಯುತ್ತವೆ. ಬರ್ಲಿನ್ನಿನ ಹೋಟೆಲೊಂದರಲ್ಲಿ ಹತ್ತು ಲಕ್ಷ ಲೀಟರು ನೀರನ್ನೂ ಸುಮಾರು 1500 ಮೀನುಗಳನ್ನೂ ಹೊತ್ತಿದ್ದ ಆಕ್ವಾಡಾಮ್ ಎಂಬ ಅಕ್ರಿಲಿಕ್ಕಿನ ಸ್ತಂಭ 2022ರ ಡಿಸೆಂಬರ್ 16ರ ಮುಂಜಾನೆ ಸಿಡಿದುಹೋಯಿತು. ತಜ್ಞರ ವರದಿ ಖಚಿತವಾದ ಒಂದೇ ಕಾರಣವನ್ನು ನಿರ್ಣಯಿಸಲಾರದೆ ಹೋದರೂ, ಅವರು ಪರಿಶೀಲಿಸಿದ ಸಾಧ್ಯತೆಗಳಲ್ಲಿ ಬೆಸೆದ ಸಂದಿನ ವೈಫಲ್ಯವೂ ಒಂದಾಗಿತ್ತು. ಮನೆಯ ತೊಟ್ಟಿಯಲ್ಲಿ ಅಂಥ ಅನಾಹುತದ ಭಯವಿಲ್ಲ, ಸಂದನ್ನು ನೋಡುತ್ತಿರುವ ಅಭ್ಯಾಸ ಮಾತ್ರ ಬೇಕು. ತಿಂಗಳಿಗೊಮ್ಮೆ ಬ್ಯಾಟರಿಯ ಬೆಳಕನ್ನು ಸಂದಿಗೆ ಓರೆಯಾಗಿ ಹಿಡಿದರೆ, ದೃಢವಾದ ಬೆಸುಗೆ ಬೆಳಕನ್ನು ತಡೆಯದೆ ಬಿಟ್ಟುಕೊಡುತ್ತದೆ. ಸೋಲತೊಡಗಿದ ಬೆಸುಗೆಯಲ್ಲಿ ಬೆಳ್ಳಿಯ ಎಳೆಗಳಂಥ ಗೆರೆಗಳು ಮಿನುಗುತ್ತವೆ. ಕನ್ನಡಿ ಒರೆಸುವ ಸ್ಪಿರಿಟ್ಟನ್ನೋ ಅಮೋನಿಯವಿರುವ ದ್ರವವನ್ನೋ ಹಚ್ಚಿದರೆ ಈ ಗೆರೆಗಳು ಬೇಗನೆ ಹುಟ್ಟಿಕೊಳ್ಳುವುದರಿಂದ, ಫಲಕವನ್ನು ಒದ್ದೆ ಹತ್ತಿಬಟ್ಟೆಯಿಂದಲೇ ಒರೆಸತಕ್ಕದ್ದು, ಬಟ್ಟೆಯಲ್ಲಿ ಮರಳಿನ ಕಣವಿಲ್ಲದುದನ್ನು ನೋಡಿಕೊಂಡು. ಗೆರೆಗಳು ತಳದ ಸಂದಿನಲ್ಲಿ ಕಂಡು, ತಿಂಗಳಿಂದ ತಿಂಗಳಿಗೆ ಉದ್ದವಾಗುತ್ತಿದ್ದರೆ, ನೀರನ್ನು ಅರ್ಧಕ್ಕೆ ಇಳಿಸಿದೊಡನೆ ಗೋಡೆಯ ಮೇಲಿನ ಭಾರ ಕಾಲುಭಾಗಕ್ಕೆ ಇಳಿಯುತ್ತದೆ. ಮೀನುಗಳನ್ನು ಬೇರೊಂದು ಪಾತ್ರೆಗೆ ಸಾಗಿಸಿ, ತೊಟ್ಟಿಯನ್ನು ಬರಿದುಮಾಡಿ ಒಣಗಿಸಿ, ಸಂದಿನ ಒಳಮೂಲೆಗೆ ಮುಮ್ಮೂಲೆಯ ಅಕ್ರಿಲಿಕ್ ಪಟ್ಟಿಯೊಂದನ್ನು ಬೆಸೆಯಲು ಅಷ್ಟು ಕಾಲಾವಕಾಶ ಸಾಕಾಗುತ್ತದೆ.